ಪುಟ್ಟ ಕಾರ್ಖಾನೆಯ ಮಸಿ ಹಿಡಿದ ಗೋಡೆ

ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಮಾದರಿ ರೈಲುಮಾರ್ಗದ ರಚನೆ ಕೇವಲ ಬಾಲಕ್ರೀಡೆಯಾಗಿ ಉಳಿದಿಲ್ಲ. ವಯಸ್ಕರು ವರ್ಷಗಟ್ಟಲೆ ಶ್ರಮಿಸಿ ರೂಪಿಸುವ ಕುಶಲಕಲೆಯಾಗಿ ಅದು ಬೆಳೆದಿದೆ. ಆದರೆ ಎಂಜಿನು, ಡಬ್ಬಿಗಳಿಗೆ ಸಲ್ಲುವ ಶ್ರದ್ಧೆ ಹಳಿಯ ಪಕ್ಕದ ಗಿರಣಿ, ಉಗ್ರಾಣಗಳಿಗೆ ಅನೇಕ ವೇಳೆ ಸಲ್ಲುವುದಿಲ್ಲ. ಪೆಟ್ಟಿಗೆಯಿಂದ ತೆಗೆದು ಜೋಡಿಸಿದ ಪ್ಲಾಸ್ಟಿಕ್ ಕಟ್ಟಡ ಹೊಳೆಯುತ್ತಲೇ ನಿಂತುಬಿಡುತ್ತದೆ. ಅದಕ್ಕೆ ಮಸಿ, ತುಕ್ಕು, ಸವೆತಗಳನ್ನು ಕೂಡಿಸುವುದು ಅನಗತ್ಯ ಅಲಂಕಾರವೆಂಬ ಅಭಿಪ್ರಾಯವೂ ಉಂಟು. ಈ ಅಭಿಪ್ರಾಯ ಪರಿಶೀಲನಾರ್ಹ.

ಬಹುಜನಪ್ರಿಯವಾದ ಎಚ್‌ಓ ಪ್ರಮಾಣದಲ್ಲಿ ಎಲ್ಲವೂ ಮೂಲದ 87ರಲ್ಲಿ ಒಂದು ಪಾಲು. ಆರಡಿಯ ಆಳು 21 ಮಿಲಿಮೀಟರ್ ಎತ್ತರವಾಗುತ್ತಾನೆ. ಎಂಟು ಅಂಗುಲದ ಇಟ್ಟಿಗೆ ಎರಡೂಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು. ಸರಕು ಇಳಿಸುವ ಕಟ್ಟೆ ಡಬ್ಬಿಯ ನೆಲಕ್ಕೆ ಸಮನಾಗಿರಬೇಕಾದುದರಿಂದ, ನಾಲ್ಕಡಿ ಎತ್ತರದ ಕಟ್ಟೆಗೆ 14 ಮಿಲಿಮೀಟರ್ ಸಾಕು. ಅದು 20 ಆದರೆ, ಎಷ್ಟು ಚೆನ್ನಾಗಿ ಬಣ್ಣ ಬಳಿದರೂ ಅಲ್ಲಿ ಮೂಟೆ ಇಳಿಸುವುದು ದುಸ್ಸಾಧ್ಯವೆಂದು ಕಣ್ಣು ಕೂಡಲೇ ಗ್ರಹಿಸುತ್ತದೆ.

ಪ್ರತಿಯೊಂದು ವಿವರಕ್ಕೂ ಕಾರಣವಿರಬೇಕೆಂಬುದೇ ಇಲ್ಲಿನ ಮೂಲತತ್ತ್ವ. ಹಳೆಯ ನೇಯ್ಗೆ ಗಿರಣಿಗಳ ಗರಗಸದ ಹಲ್ಲಿನಾಕಾರದ ಮಾಡಿನಲ್ಲಿ ಗಾಜು ಉತ್ತರಕ್ಕೆ ಮುಖಮಾಡಿರುತ್ತಿತ್ತು. ನೇರ ಬಿಸಿಲು ತಾಗದೆ ಸಮನಾದ ಬೆಳಕು ಮಗ್ಗದ ಮೇಲೆ ಬೀಳಲೆಂಬುದು ಅದರ ಉದ್ದೇಶ. ಅನೇಕ ಕಾರ್ಖಾನೆಗಳ ಮಾಡಿನ ಮೇಲಣ ತೊಟ್ಟಿ ಬೆಂಕಿ ನಂದಿಸುವ ಕೊಳವೆಗಳಿಗೆ ನೀರೊದಗಿಸಲು ನಿಂತಿರುತ್ತಿತ್ತು. ತುಕ್ಕಿನ ಗೆರೆ ಕಬ್ಬಿಣದ ಆಧಾರದ ಕೆಳಗೇ ಇಳಿಯಬೇಕು. ಮುಚ್ಚಿದ ಕಿಟಕಿಯಲ್ಲಿ ಇಟ್ಟಿಗೆಯ ಬಣ್ಣ ಬೇರೆಯಾಗಬೇಕು. ಕಳೆಗಿಡ ಬೆಳೆಯತಕ್ಕದ್ದು ಡಬ್ಬಿ ಓಡಾಡದ ಹಳಿಯ ಮೇಲೆ. ಸಾಧನಗಳಾದರೋ ಸರಳ: ಸ್ಪಿರಿಟ್‌ನಲ್ಲಿ ತೆಳುವಾಗಿಸಿದ ಕಪ್ಪು ಶಾಯಿ, ಸೀಮೆಸುಣ್ಣದ ಪುಡಿ, ಬಣ್ಣ ಬಹುತೇಕ ಒರೆಸಿದ ಕುಂಚ.

ಈ ದೃಷ್ಟಿಗೆ ಮನ್ನಣೆ ತಂದವರಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆಯ ಜಾನ್ ಆಲೆನ್ ಪ್ರಮುಖರು. ಹೊಸ ಮಾದರಿಗೆ ಹಳತಿನ ಕಳೆ ತರುವುದನ್ನು ಅವರು ಕಲೆಯ ಮಟ್ಟಕ್ಕೇರಿಸಿದರು. 1973ರಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಅವರ ರೈಲುಮಾರ್ಗ ಬೆಂಕಿಗೆ ತುತ್ತಾಯಿತು. ಆದರೂ ಅವರೇ ತೆಗೆದ ಛಾಯಾಚಿತ್ರಗಳಿಂದ ಕಲಿಯುವವರು ಇಂದಿಗೂ ಇದ್ದಾರೆ.

ವಿವರಗಳು ಮಿತಿಮೀರಬಾರದೆಂಬ ಆಕ್ಷೇಪಣೆ ಸಾಧುವಾದುದೇ. ಎಲ್ಲ ಗೋಡೆಗೂ ಒಂದೇ ತೆರನಾಗಿ ಮಸಿ ಬಳಿದರೆ ಅದೂ ಹೊಳಪಿನಷ್ಟೇ ಕೃತಕ. ಕಾರಣವರಿಯದ ಕೊಳೆ ನೈಜತೆಯಲ್ಲ. ಕಾರಣವರಿತವನ ಕೈಯಲ್ಲಿ ಒಂದು ಗೆರೆಯೂ ಸಾಕು.

ಕಾಯಕಕ್ಕೆ ಗೌರವದ ಸ್ಥಾನವಿತ್ತ ಪರಂಪರೆಯ ಶಾಲೆಗಳಿಗೆ ಇದರಲ್ಲೊಂದು ಪಾಠವಿದೆ. ಸವೆದ ಹೊಸ್ತಿಲು, ಎಣ್ಣೆ ಹೀರಿದ ನೆಲ, ಕೈ ತಾಗಿ ನುಣುಪಾದ ಬಾಗಿಲು ದುಡಿದವರ ಹೆಜ್ಜೆಗುರುತುಗಳು. ಶಾಲಾ ವಸ್ತುಪ್ರದರ್ಶನಗಳಲ್ಲಿ ಅಂಗಡಿಯಿಂದ ತಂದ ಥರ್ಮೊಕೋಲಿನ ಮಿರುಗುವ ಮಾದರಿಗೆ ಬಹುಮಾನ ದೊರೆತು, ಹುಡುಗನೊಬ್ಬ ಊರ ಜಿನ್ನಿಂಗ್ ಗಿರಣಿಯನ್ನು ನೋಡಿ, ಅಳೆದು, ರಟ್ಟಿನಲ್ಲಿ ಮಾಡಿದ ಮಾದರಿ ಮೂಲೆಗುಂಪಾಗುವುದು ಶೋಚನೀಯ. ಅಧ್ಯಾಪಕರು ಮಾದರಿಯ ಅಂದವನ್ನು ನೋಡುವ ಮುನ್ನ “ಈ ಕಲೆ ಇಲ್ಲೇಕೆ ಬಂತು?” ಎಂದು ಕೇಳುವಂತಾಗಲಿ. ದಾನಿಗಳು ಒದಗಿಸಬೇಕಾದುದು ರಟ್ಟು, ಗೋಂದು, ಅಳತೆಪಟ್ಟಿಗಳಷ್ಟೇ. ಉತ್ತರಿಸಬಲ್ಲ ವಿದ್ಯಾರ್ಥಿ ಗೋಡೆಯನ್ನು ಮಾತ್ರವಲ್ಲದೆ, ಅದರ ಹಿಂದೆ ದುಡಿದ ಮನುಷ್ಯನನ್ನೂ ಕಂಡಿರುತ್ತಾನೆ.