ಬಾವಿ ಒಬ್ಬರದು, ನೀರು ಎಲ್ಲರದು

ಇಬ್ಬರು ಕೈದಿಗಳನ್ನು ಬೇರೆ ಬೇರೆ ಕೋಣೆಯಲ್ಲಿಟ್ಟು ವಿಚಾರಿಸುತ್ತಾರೆ. ಇಬ್ಬರೂ ಬಾಯಿ ಬಿಡದಿದ್ದರೆ ಸಣ್ಣ ಶಿಕ್ಷೆಯಲ್ಲಿ ಪಾರಾಗಬಹುದು. ಆದರೆ ಇನ್ನೊಬ್ಬ ಏನೇ ಮಾಡಲಿ, ತಾನು ಬಾಯಿ ಬಿಡುವುದೇ ಲೇಸೆಂದು ಇಬ್ಬರೂ ಲೆಕ್ಕ ಹಾಕಿ, ಇಬ್ಬರೂ ದೊಡ್ಡ ಶಿಕ್ಷೆಗೆ ಗುರಿಯಾಗುತ್ತಾರೆ. 1950ರಲ್ಲಿ ಗಣಿತಜ್ಞ ಆಲ್ಬರ್ಟ್ ಟಕರ್ ಹೆಣೆದ ಈ ಕಥೆ, ಒಬ್ಬರ ಫಲ ಇನ್ನೊಬ್ಬರ ನಡೆಯನ್ನೂ ಅವಲಂಬಿಸಿದಾಗಿನ ಆಯ್ಕೆಗಳನ್ನು ಅಳೆಯುವ ಗೇಮ್ ಥಿಯರಿಯ ಹೆಸರಾಂತ ಒಗಟು. ಶಿಕಾರಿಪುರ, ಸೊರಬದ ರೈತರಿಗೆ ಇದರಿಂದ ಆಗಬೇಕಾದ್ದೇನು?

ಇದು ಕೆರೆಗಳ ಸೀಮೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ಅಲ್ಲಿನ ಐದನೇ ಶತಮಾನದ ಸ್ತಂಭಶಾಸನ ಹೇಳುತ್ತದೆ. ಕಟ್ಟಿಸಲು ಒಬ್ಬ ಅರಸ ಸಾಕು; ವರ್ಷವರ್ಷವೂ ಹೂಳೆತ್ತಲು ಊರೇ ಬೇಕು. ಗುದ್ದಲಿ ಹಿಡಿಯದೆ ಮನೆಯಲ್ಲುಳಿದವನ ಗದ್ದೆಗೂ ತೂಬಿನ ನೀರು ಹರಿಯುತ್ತದೆ. ಕೈದಿಗಳ ಲೆಕ್ಕದಲ್ಲಿ ಯಾರೂ ಏರಿಯತ್ತ ಸುಳಿಯಬಾರದು. ಎಲ್ಲರ ಸ್ವತ್ತಿಗೆ ಹಾಳಾಗುವುದೇ ಗತಿ ಎಂದು 1968ರಲ್ಲಿ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ವಾದಿಸಿದ್ದೂ ಇದೇ ಜಾಡಿನಲ್ಲಿ. ಆದರೂ ಎಷ್ಟೋ ಕೆರೆಗಳು ಶತಮಾನಗಳ ಕಾಲ ಉಳಿದವು.

ಊರಿನವರು ಒಳ್ಳೆಯವರಾಗಿದ್ದರು ಎಂಬುದಷ್ಟೇ ಕಾರಣವಲ್ಲ. ಅವರು ಒಬ್ಬರ ಕಣ್ಣಿಗೊಬ್ಬರು ಬೀಳುತ್ತಿದ್ದರು, ಮತ್ತೆ ಮತ್ತೆ ಬೀಳುತ್ತಿದ್ದರು. ನಾಟಿಗೆ ಮುಯ್ಯಾಳಾಗಿ ಬಾರದವನ ಗದ್ದೆಗೆ ಮರುವಾರ ಯಾರೂ ಇಳಿಯುವುದಿಲ್ಲ. ಕೈದಿಗಳ ಈ ಆಟವನ್ನೇ ಮತ್ತೆ ಮತ್ತೆ ಆಡಿಸಿ ರಾಜಕೀಯ ವಿಜ್ಞಾನಿ ರಾಬರ್ಟ್ ಆಕ್ಸೆಲ್‌ರಾಡ್ ನಡೆಸಿದ ಕಂಪ್ಯೂಟರ್ ಪಂದ್ಯಗಳಲ್ಲಿ ಗೆದ್ದ ತಂತ್ರವೂ ಇದೇ: ಮೊದಲು ಸಹಕರಿಸು, ಆಮೇಲೆ ಎದುರಿನವನು ಮಾಡಿದ್ದನ್ನೇ ಮಾಡು. ಜನ ತಾವೇ ನಿಯಮ ಕಟ್ಟಿಕೊಂಡು ಸಾಮೂಹಿಕ ಸ್ವತ್ತನ್ನು ಕಾಯಬಲ್ಲರೆಂದು ತೋರಿಸಿದ ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಹಾಗೆಂದು ಹಳೆಯ ಕಟ್ಟುಪಾಡು ನ್ಯಾಯವಾಗಿತ್ತೆಂದಲ್ಲ. ತೂಬು ಕಾಯುವ ನೀರಗಂಟಿ ಎಷ್ಟೋ ಕಡೆ ದಲಿತ. ಊರಿನ ತೀರ್ಮಾನದಲ್ಲಿ ಅವನ ಮಾತಿಗೆ ಬೆಲೆಯಿರಲಿಲ್ಲ.

ಒಗಟು ನಿಜವಾಗಿ ಕಚ್ಚುವುದು ಕೊಳವೆಬಾವಿಯಲ್ಲಿ. ಅಡಿಕೆ, ಶುಂಠಿ ಹಬ್ಬಿದಂತೆ ಪ್ರತಿಯೊಬ್ಬನೂ ತನ್ನ ಜಮೀನಿನಲ್ಲಿ ತನ್ನ ಬಾವಿ ಕೊರೆಸುತ್ತಾನೆ. ಪಕ್ಕದವನು ಆಳಕ್ಕೆ ಇಳಿದರೆ ತಾನೂ ಇಳಿಯಬೇಕು. ಅವನು ಇಳಿಯದಿದ್ದರೂ, ಮುಂದೆ ಇಳಿದಾನೆಂಬ ಅಂಜಿಕೆಗೆ ಇಳಿಯಬೇಕು. ಯಾರು ಎಷ್ಟೆತ್ತಿದರೆಂದು ಕಾಣುವುದಿಲ್ಲ, ತಡೆಯುವ ನೀರಗಂಟಿಯೂ ಇಲ್ಲ. ಬೇಲಿ ಹಂಚಿಕೊಂಡ ನೆರೆಯವರನ್ನೇ ಯಂತ್ರ ಕೈದಿಗಳ ಕೋಣೆಗೆ ದೂಡಿದೆ. ಕೊರೆಸಿ ಕೊರೆಸಿ ಸಾಲದ ಮೇಲೆ ಸಾಲವಾದಾಗಲೂ ಯಾರೂ ದಡ್ಡರಲ್ಲ. ಎಲ್ಲರೂ ತಮ್ಮ ತಮ್ಮ ಮಟ್ಟಿಗೆ ಸರಿಯಾದ ಲೆಕ್ಕವನ್ನೇ ಹಾಕಿದ್ದಾರೆ.

ಗೇಮ್ ಥಿಯರಿ ಸಾಮಾನ್ಯರಿಗೆ ಬೇಕಾಗುವುದು ಇಲ್ಲೇ. ನೀರು ಬತ್ತಿದಾಗ ರೈತನ ದುರಾಸೆಯನ್ನು ಬೈಯುವುದು ಸುಲಭ. ಆದರೆ ಸ್ವಭಾವ ಹಾಗೇ ಇದ್ದು ಏರ್ಪಾಡಷ್ಟೇ ಬದಲಾದರೂ ಫಲ ಬದಲಾಗುತ್ತದೆ ಎಂದು ಈ ಒಗಟು ಕಲಿಸುತ್ತದೆ. ಊರಿನ ಬಾವಿಗಳ ನೀರಿನ ಮಟ್ಟ ಅಳೆದು ಗ್ರಾಮಸಭೆಯಲ್ಲಿ ಎಲ್ಲರೆದುರು ಓದುವುದು ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡೀತು. ಆದರೆ ಆ ಸಭೆಯಲ್ಲಿ ಈ ಸಲ ನೀರಗಂಟಿಯ ಮೊಮ್ಮಗನ ಮಾತಿಗೂ ತೂಕವಿರಬೇಕು.