ಅಗ್ಗದ ಕೋವಿ ಮತ್ತು ಅಪ್ಪನ ಎಡಗೈ

ಮೊನ್ನೆ ಊರಿಗೆ ಹೋಗಿದ್ದೆ, ಕೊಪ್ಪದ ಹತ್ರ. ಅಪ್ಪ ಗುಟ್ಟು ಹೇಳೋ ಥರ ಹೇಳಿದ್ರು, "ಪಕ್ಕದ ತೋಟದ ಗೌಡ್ರು ಜೋಡುನಳಿಗೆ ಕೋವಿ ಕೊಡ್ತಾರಂತೆ ಮಾರಾಯ. ಇಂಗ್ಲೆಂಡಿಂದು. ಬರೀ 8 ಸಾವಿರ!"

ನೋಡಿ ಬಂದೆ. 12 ಬೋರು. ಹಿಡಿ ಕೈಯಾಡಿ ಆಡಿ ನುಣ್ಣಗಾಗಿದೆ, ನಳಿಗೆ ತುಂಬ ಹಾವಿನ ಚರ್ಮದಂಥ ಗೆರೆ. ಚೆಂದ ಇದೆ, ಸುಳ್ಳು ಹೇಳಲ್ಲ. ಗೌಡರ ಮಕ್ಕಳಿಬ್ಬರೂ ಬೆಂಗಳೂರಲ್ಲಿ. ಲೈಸೆನ್ಸ್ ರಿನ್ಯೂ ಮಾಡಿಸೋದು, ಎಲೆಕ್ಷನ್ ಬಂದಾಗ ಠಾಣೆಗೆ ಕೊಟ್ಟು ವಾಪಸ್ ತರೋದು ಅವರಿಗೆ ಬೇಡ. ಅಗ್ಗ ಆಗಿರೋದು ಅದಕ್ಕೇ. (ನಾನೂ ಅಂಥದ್ದೇ ಮಗ ಬಿಡಿ :) )

ಹಳೇ ಕೋವಿ ತಗೋಬೇಡಿ ಅನ್ನೋನಲ್ಲ ನಾನು. ಆದ್ರೆ ಅಗ್ಗ ಅನ್ನೋದು ಪರೀಕ್ಷೆ ಮಾಡಿಸದೇ ಇರೋಕೆ ಕಾರಣ ಆಗಬಾರದು.

ಆ ಚೆಂದದ ಗೆರೆಗಳನ್ನೇ ತಗೊಳ್ಳಿ. ಅದು ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನ ತಿರುಚಿ, ಸರಳಿಗೆ ಸುತ್ತಿ, ಕಾಯಿಸಿ ಬಡಿದು ಬೆಸೆದದ್ದು. 19ನೇ ಶತಮಾನದ ಕರಿಮದ್ದಿನ ಕಾಲದ ಕೆಲಸ. ಈಗಿನ ತೋಟಾದಲ್ಲಿರೋದು ಹೊಗೆ ಬರದ ಮದ್ದು, ಅದರ ಒತ್ತಡದ ಲೆಕ್ಕವೇ ಬೇರೆ. ತೋಟಾ ಕೂರೋ ಕೋಣೆಯೂ ಹಳೇ ಇಂಗ್ಲಿಷ್ ಕೋವಿಗಳಲ್ಲಿ ಎಷ್ಟೋ ಸಲ ಎರಡೂವರೆ ಇಂಚು. ಎರಡೂಮುಕ್ಕಾಲು ಇಂಚಿನ ಈಗಿನ ತೋಟಾ ಒಳಗೇನೋ ಹೋಗುತ್ತೆ, ಆದ್ರೆ ಹೊಡೆದಾಗ ಬಾಯಿ ಪೂರ್ತಿ ಬಿಚ್ಚೋಕೆ ಜಾಗ ಇರಲ್ಲ. ಒತ್ತಡ ಇನ್ನೂ ಏರುತ್ತೆ.

"ಸೀಲ್ ಇದ್ಯಲ್ಲ!" ಅಂದ್ರು ಅಪ್ಪ. ನಿಜ, ನಳಿಗೆ ಅಡಿಯಲ್ಲಿ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆ ಇದೆ. 1813ರಲ್ಲಿ ಶುರುವಾದ ಸಂಸ್ಥೆ, ದೊಡ್ಡ ಹೆಸರು. ಆದ್ರೆ ಹೊಸ ಮದ್ದಿಗೆ ಪರೀಕ್ಷೆ ಆಗಿದ್ದರೆ 'ನೈಟ್ರೋ ಪ್ರೂಫ್' ಗುರುತು ಇರಬೇಕು, ಇದರಲ್ಲಿ ಕಾಣಲಿಲ್ಲ. ಇದ್ದಿದ್ರೂ ಆ ದಿನ ಪಾಸಾಗಿತ್ತು ಅಂತ ಅರ್ಥ, ಅಷ್ಟೇ. ಆಮೇಲೆ ಮಲೆನಾಡಿನ ಎಷ್ಟು ಮಳೆಗಾಲ ಆ ನಳಿಗೆ ಒಳಗೆ ತುಕ್ಕು ತಿಂದಿದೆಯೋ? ಯಾವತ್ತೋ ಟೆಸ್ಟ್ ಪಾಸಾದ ಕೋಡನ್ನ ನಂಬಿ ರಾತ್ರಿಯಿಡೀ ಆಫೀಸಲ್ಲಿ ಕೂತವನು ನಾನು, ನಂಗೊತ್ತು.

ಕಾನೂನೇ ಒಂದು ಉಪಕಾರ ಮಾಡಿದೆ. ಲೈಸೆನ್ಸ್ ಇರೋರಿಗೇ ಮಾರಿದ್ರೂ, ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ಕೊಟ್ಟು 45 ದಿನ ಕಾಯಬೇಕು. ಎಲ್ಲರೂ ಬೈಕೊಳ್ಳೋ ಆ 45 ದಿನದಲ್ಲೇ, ಗೌಡ್ರನ್ನೂ ಅವರ ಲೈಸೆನ್ಸನ್ನೂ ಜೊತೆಗೆ ಕರ್ಕೊಂಡು ಕೋವಿ ರಿಪೇರಿಯವರ ಹತ್ರ ಹೋಗಿ ನಳಿಗೆಯ ದಪ್ಪ ಅಳೆಸಬಹುದು.

"ಮಂಗ ಓಡಿಸೋಕೆ ಒಂದು ಸದ್ದು ಬಂದ್ರೆ ಸಾಕು, ಅದಕ್ಕೆಲ್ಲ ಯಾಕೆ ಖರ್ಚು" ಅಂತಾರೆ ಅಪ್ಪ. ಆದ್ರೆ ನಳಿಗೆ ಸೀಳೋಕೂ ಒಂದೇ ಸದ್ದು ಸಾಕು. ಅವರ ಎಡಗೈ ಇರೋದು ಸರಿಯಾಗಿ ಅದರ ಕೆಳಗೆ.

ರಿಪೇರಿಯವರು ಬೇಡ ಅಂದ್ರೆ ಬೇಡ, ಅಪ್ಪ ಒಪ್ಪಿದ್ದಾರೆ. ಮುಖ ಮಾತ್ರ ಊದಿಸ್ಕೊಂಡಿದ್ದಾರೆ. ನಿಮ್ಮನೇಲೂ ಅಜ್ಜನ ಕಾಲದ ಕೋವಿ ಇದ್ರೆ, ಕೊನೇ ಸಲ ಅದರ ನಳಿಗೆ ಒಳಗೆ ಬೆಳಕು ಬಿಟ್ಟು ನೋಡಿದ್ದು ಯಾವಾಗ ಅಂತ ಒಂದು ಮಾತು ಕೇಳಿ.