ಹಿನ್ನೀರಿನ ಹಕ್ಕಿಗೆ ಉಣ್ಣಾಕ ನಮ್ಮ ಹೊಲ

ನಮ್ಮ ರಾಯಬಾಗ ಕಡೆ 'ಹಕ್ಕಿ ನೋಡ್ಕೋ ಹೋಗು' ಅಂದರೆ ಜೋಳದ ಹೊಲದಾಗ ಅಟ್ಟದ ಮೇಲೆ ನಿಂತು ಕವಣಿ ಬೀಸು ಅಂತ ಅರ್ಥ. ಸಾಲಿ ಬಿಟ್ಟ ಮೇಲೆ ನಾನು ಮಾಡಿದ ಮೊದಲ ಕೆಲಸ ಅದೇ. ಕೊರಳಿಗೆ ದುರ್ಬೀನು ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು, ಸುಮ್ಮನೆ ಹಕ್ಕಿ ನೋಡಲಿಕ್ಕೆ ಬರುವವರೂ ಇದ್ದಾರೆ ಅಂತ ಗೊತ್ತಾದದ್ದು ಧೂಪದಾಳಕ್ಕೆ ಹೋದಾಗ.

ಕಡಲ ದಂಡೆಯವರಿಗೆ ಅಳಿವೆ ಇದ್ದ ಹಾಗೆ ನಮ್ಮ ಬೆಳಗಾವಿ ಜಿಲ್ಲೆಯವರಿಗೆ ಧೂಪದಾಳದ ಹಿನ್ನೀರು. ಗೋಕಾಕ ತಾಲ್ಲೂಕಿನಲ್ಲಿ ಘಟಪ್ರಭಾ ಹೊಳೆಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಒಡ್ಡು ಅದು. 1974ರಲ್ಲಿ ಅದನ್ನು ಪಕ್ಷಿಧಾಮ ಮಾಡಿದರು. ವಿಸ್ತೀರ್ಣ ಸುಮಾರು 30 ಚದರ ಕಿಲೋಮೀಟರ್. ರಾಯಬಾಗದಲ್ಲಿ ರೈಲು ಹತ್ತಿ ಘಟಪ್ರಭಾ ಸ್ಟೇಶನ್ನಿಗೆ ಇಳಿದರೆ ಹತ್ತಿರ. ನವೆಂಬರದಿಂದ ಮಾರ್ಚ್ ತನಕ ಹೊರದೇಶದ ಹಕ್ಕಿ ಬರುವ ಕಾಲ. ಬೂದಿ ಬಣ್ಣದ ಕರ್ಕರ ಕೊಕ್ಕರೆ, ಕೆಂಪು ಕೊಕ್ಕಿನ ಯುರೋಪದ ಬಿಳಿ ಕೊಕ್ಕರೆ ಇಲ್ಲಿಯ ಹೆಸರಾದ ಅತಿಥಿಗಳು.

ನಾನು ಹೋದ ದಿನ ಹೊತ್ತು ಏರಿದಂತೆ ಕರ್ಕರದ ಹಿಂಡು ನೀರು ಬಿಟ್ಟು ಎದ್ದು ಹೊಲಗಳ ಕಡೆ ಹೋಯಿತು. 'ಛೇ, ಹೋದವು' ಅಂತ ದುರ್ಬೀನಿನವರು ಚಹಾ ಕುಡಿಯಲು ಹೊರಟರು. ಅವರ ನೋಟ ಅಲ್ಲಿಗೆ ಮುಗಿಯಿತು. ಯಾರದೋ ಕಡಲಿ ಹೊಲದಾಗ ಅದು ಈಗ ಸುರು ಅಂತ ನನಗೆ ಗೊತ್ತಿತ್ತು.

ನಾನು ಹೇಳಬೇಕಾದ ಮಾತು ಇಷ್ಟೇ. ನೀರು ಹಕ್ಕಿಗೆ ಮಲಗುವ ಮನಿ. ಅಡಿಗಿ ಮನಿ ನಮ್ಮ ಹೊಲ. ಸರ್ಕಾರ ಮಲಗುವ ಮನಿಗೆ ಬೋರ್ಡು ಹಾಕಿತು, ಅಡಿಗಿ ಮನಿಯವರನ್ನು ಒಂದು ಮಾತು ಕೇಳಲಿಲ್ಲ.

ಗದಗ ಜಿಲ್ಲೆಯ ಮಾಗಡಿ ಕೆರೆಯನ್ನೇ ನೋಡಿರಿ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತು ಹಗಲೆಲ್ಲ ಕೆರೆಯಲ್ಲಿ ಇದ್ದು, ಸಂಜೆ ಆದಮೇಲೆ ಸುತ್ತಲಿನ ಕಡಲಿ, ಶೇಂಗಾ ಹೊಲಗಳಿಗೆ ಮೇಯಲು ಇಳಿಯುತ್ತದೆ. 2024ರ ಜನವರಿಯಲ್ಲಿ ಮಾಗಡಿ, ಅಂಕಸಮುದ್ರ, ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆ ಈ ಮೂರಕ್ಕೂ ರಾಮ್‌ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಸಂತೋಷ. ಆದರೆ ಪಟ್ಟಿಯಲ್ಲಿ ಇರುವುದು ಕೆರೆಯ ಹೆಸರು. ಅಲ್ಲಿಯ ಹಕ್ಕಿಗೆ ಉಣ್ಣಾಕ ಹಾಕಿದ ರೈತನ ಹೆಸರು ಎಲ್ಲಿದೆ?

ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದಲ್ಲಿ ಹೊಳಿ ನೀರು ಹರಿದಲ್ಲೆಲ್ಲ ಕಬ್ಬು ಬಂತು. ಆಳೆತ್ತರದ ಕಬ್ಬಿನೊಳಗೆ ಕರ್ಕರ ಇಳಿಯುವುದಿಲ್ಲ. ಅದಕ್ಕೆ ನಾಕೂ ಕಡೆ ಕಾಣುವ ಬಯಲು ಹೊಲ ಬೇಕು. ಅಂದರೆ ಉಳಿದ ಒಣಬೇಸಾಯದವರ ನಾಲ್ಕೆಂಟು ಎಕರೆ ಕಡಲಿ, ಬಿಳಿಜೋಳದ ಮೇಲೇ ಎಲ್ಲ ಭಾರ. ನೀರಾವರಿಯವನಿಗೆ ನೀರೂ ಆತು, ಹಕ್ಕಿ ಕಾಟವೂ ತಪ್ಪಿತು. ನಮಗೆ ನೀರಿಲ್ಲ, ಹಕ್ಕಿ ಮಾತ್ರ ಉಂಟು.

ಇದರ ಸಿಟ್ಟು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನೂ ಕಂಡಿದ್ದೇನೆ. ಒಂದು ವರ್ಷ ನಮ್ಮ ಬದುವಿನ ಆಚೆಯವರು ಜೋಳಕ್ಕೆ ಎಣ್ಣಿ ಕಲಿಸಿ ಚೆಲ್ಲಿದರು. ಸತ್ತದ್ದು ಬೆಳವ, ಗೌಜಲು, ಆಮೇಲೆ ಅವರದೇ ನಾಯಿ. ಬೆಳಿ ತಿಂದ ಹಿಂಡು ಮಾತ್ರ ಬೇರೆ ಹೊಲಕ್ಕೆ ಹೋಗಿತ್ತು. ಎಳ್ಳ ಅಮಾಸಿಗೆ ಭೂತಾಯಿಗೆ ಚರಗ ಚೆಲ್ಲುವ ಕೈ ಅದೇ ಹೊಲದಾಗ ವಿಷ ಚೆಲ್ಲಬಾರದು. 1972ರ ಕಾಯ್ದೆ ಪ್ರಕಾರ ಅಪರಾಧ ಎಂಬುದು ಒಂದು ಮಾತು. ನಮಗೇ ಹಾನಿ ಎಂಬುದು ದೊಡ್ಡ ಮಾತು. ಕುಂಟಿ ಹೊಡೆಯುವಾಗ ಹಿಂದೆ ಬರುವ ಬೆಳ್ಳಕ್ಕಿ, ಕಡಲಿಯ ಕೀಡಿ ಆರಿಸುವ ಕಾಜಾಣ, ಮಿಡತಿ ತಿನ್ನುವ ಆ ಬಿಳಿ ಕೊಕ್ಕರೆ ಇವೆಲ್ಲ ಕೂಲಿ ಕೇಳದ ಆಳುಗಳು. ನಾನು ಕಡಲಿಯಲ್ಲಿ ಎಕರೆಗೆ 20 ಕವಲು ಕಟ್ಟಿಗೆ ನೆಡುತ್ತೇನೆ. ಮುಂಜಾನೆ ಕಾಜಾಣ ಅದರ ಮೇಲೆ ಕೂತು ಕೀಡಿ ಹಿಡಿಯುತ್ತದೆ. ಕಾಳು ಬಲಿಯುವಾಗ ಕಟ್ಟಿಗೆ ಕಿತ್ತು ಬಿಡಬೇಕು, ಇಲ್ಲವಾದರೆ ಗಿಳಿ ಬಂದು ಕೂಡುತ್ತದೆ.

ಹಾಗಾದರೆ ನಷ್ಟ ಸುಮ್ಮನೆ ಸಹಿಸಬೇಕೇ? ಬೇಡ. ಪಕ್ಷಿಧಾಮದ ಹಕ್ಕಿ ಹೊಲ ಮೇಯ್ದರೆ ಊರಲ್ಲೇ ಪಂಚನಾಮೆ ಆಗಬೇಕು, ಸುಗ್ಗಿ ಮುಗಿಯುವುದರೊಳಗೆ ಪರಿಹಾರ ಕೈಗೆ ಬರಬೇಕು. ಪಕ್ಷಿಧಾಮದ ಬಗ್ಗೆ ಸಭೆ ಮಾಡುವಾಗ ಸುತ್ತಲಿನ ಒಣಬೇಸಾಯದವರನ್ನು ಕರೆಯಬೇಕು. ಹಕ್ಕಿ ನೋಡುವವರು ಹಕ್ಕಿ ನೀರು ಬಿಟ್ಟ ಮೇಲೆ ಹೊಲಕ್ಕೂ ಬರಲಿ. ಬೆಳಿ ತುಳಿಯದೆ ಬದುವಿನ ಮೇಲೆ ಬರಲಿ, ಹೊಲದವನನ್ನು ಕೇಳಿ ಬರಲಿ. ಎಷ್ಟು ಹಕ್ಕಿ ಬಂದವು ಅಂತ ಬರೆದುಕೊಳ್ಳುವ ವಹಿಯಲ್ಲಿ ಎಷ್ಟು ಹೊಲ ಮೇಯ್ದವು ಅಂತಲೂ ಬರೆದುಕೊಳ್ಳಲಿ. ನಮ್ಮ ಅರ್ಜಿಗೆ ಅದೇ ಸಾಕ್ಷಿ ಆದೀತು.

ನಾವೂ ಒಂದು ಕೆಲಸ ಮಾಡೋಣ. ಹೊಳಿ, ಕೆರಿ, ಒಡ್ಡಿನ ಸಮೀಪ ಹೊಲ ಇದ್ದವರು ಯಾವ ತಿಂಗಳು ಯಾವ ಹಕ್ಕಿ ಬಂತು, ಏನು ತಿಂದಿತು, ಯಾವ ಹುಳ ಹಿಡಿಯಿತು ಎಂದು ಈ ಪತ್ರಿಕೆಗೆ ಕಾರ್ಡು ಹಾಕಿರಿ. ಹಕ್ಕಿ ನೋಡುವುದು ನಮಗೆ ಹೊಸದಲ್ಲ. ಬರೆದಿಡುವುದು ಹೊಸದು.